ಕ್ರೇನಿನ ಬಾಲದಲ್ಲಿ ಕೂತವರು

“ಯಾವ ಬೋಳಿಮಗ ಮೊದಲು ಎದ್ದಿದ್ದು? ಹೇಳ್ರೋ, ಯಾವನು ಮೊದಲು ತಿಕ ಎತ್ತಿದ್ದು?”

ಸಿನಿಮಾ ಕಂಪನಿಯ ಮ್ಯಾನೇಜರ್ ಶಿವರಾಜ್ ನಮ್ಮ ಆರೂ ಜನರನ್ನು ಸಾಲಾಗಿ ನಿಲ್ಲಿಸಿಕೊಂಡು ಕೇಳುತ್ತಿದ್ದ. ಅವನ ಬೆನ್ನ ಹಿಂದೆ ಕ್ರೇನಿನ ಮೂತಿ ತಿಪ್ಪೆಯಲ್ಲಿ ಹೂತುಕೊಂಡಿತ್ತು. ಕ್ಯಾಮೆರಾಮನ್ ಜನಾರ್ದನ ಒಂದು ಕೈಯಲ್ಲಿ ತುಟಿಯ ರಕ್ತ ಒರೆಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಗೊಬ್ಬರ ಕೆದಕಿ ಉದುರಿದ ಹಲ್ಲು ಹುಡುಕುತ್ತಿದ್ದ. ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ. ಅದನ್ನು ಅವುಚಿಕೊಂಡೇ ಬಿದ್ದಿದ್ದ ಪುಣ್ಯಾತ್ಮ.

“ಎಲ್ರೂ ಒಟ್ಟಿಗೇ ಎದ್ವಿ ಸಾರ್,” ಎಂದ ಭೈರಪ್ಪ. ನಮ್ಮಲ್ಲಿ ಹಿರಿಯ ಅವನೇ, ಏಟು ತಿನ್ನುವ ಸಂದರ್ಭಗಳಲ್ಲಿ ಮಾತಾಡುವವನೂ ಅವನೇ.

“ಯಾಕೆ ಎದ್ರಿ?”

“ಗೌಡ್ರು ಬಂದ್ರು ಸಾರ್.”

“ಬಂದ್ರೆ?”

ಉಜ್ಜನಪ್ಪ ಗೌಡರು ದಾರಿಯಲ್ಲಿ ಹೋದರೆ ಕೇರಿಯವರು ಕೂತಲ್ಲಿಂದ ಏಳುತ್ತೇವೆ. ಇದು ಯಾರೂ ಹೇಳಿಕೊಟ್ಟ ಪಾಠವಲ್ಲ. ಸೀನು ಬಂದಾಗ ಯಾರನ್ನು ಕೇಳಿ ಸೀನುತ್ತೇವೆ? ಹಾಗೆಯೇ ಇದು. ನನ್ನಪ್ಪ ಜ್ವರದಲ್ಲಿ ಮಲಗಿದ್ದಾಗಲೂ ಗೌಡರ ಜೀಪಿನ ಸದ್ದು ಕೇಳಿ ಚಾಪೆಯ ಮೇಲೆ ಎದ್ದು ಕೂತದ್ದನ್ನು ನಾನು ಕಂಡಿದ್ದೇನೆ. ಆದರೆ ನಾವು ಏಳುವುದರಿಂದ ಬೆಂಗಳೂರಿನವನೊಬ್ಬನ ಹಲ್ಲು ಹೋಗಬಹುದು ಎಂದು ನಮ್ಮ ವಂಶದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕ್ರೇನ್ ಅಂದರೆ ಮತ್ತೇನಲ್ಲ, ಬಾವಿಯ ಏತ. ನಡುವೆ ಚಕ್ರದ ಮೇಲೊಂದು ಕಂಬ, ಕಂಬದ ಮೇಲೆ ಅಡ್ಡಲಾಗಿ ಉದ್ದನೆಯ ಕಬ್ಬಿಣದ ತೋಳು. ಮುಂದಿನ ತುದಿಯಲ್ಲಿ ಕ್ಯಾಮೆರಾ ಮತ್ತು ಅದನ್ನು ನಡೆಸುವವನ ಕುರ್ಚಿ. ಹಿಂದಿನ ಗಿಡ್ಡ ತುದಿಯಲ್ಲಿ ತೂಕದ ಕಬ್ಬಿಣ ಇಡುವುದಕ್ಕೊಂದು ತೊಟ್ಟಿಲು. ಎರಡೂ ಕಡೆ ಸಮವಾದರೆ ಮದ್ರಾಸಿನಿಂದ ಬಂದ ಮೇಸ್ತ್ರಿ ಒಂದು ಕೈ ಸೋಕಿಸಿದರೆ ಸಾಕು, ಕ್ಯಾಮೆರಾ ಸದ್ದಿಲ್ಲದೆ ಏರುತ್ತದೆ, ಸದ್ದಿಲ್ಲದೆ ಇಳಿಯುತ್ತದೆ. ಆದರೆ ತೂಕದ ಕಬ್ಬಿಣ ಬಂದಿರಲಿಲ್ಲ. ಲಾರಿ ತುಂಬುವಾಗ ಶಿವರಾಜ್ ಅದನ್ನು ಕೆಳಗಿಳಿಸಿ ಆ ಜಾಗದಲ್ಲಿ ಹೀರೋಯಿನ್ ಶೀತಲ್ ಅವರ ಏರ್ ಕೂಲರ್ ಹತ್ತಿಸಿದ್ದನಂತೆ. ಅಷ್ಟು ದೂರ ಕಬ್ಬಿಣ ಯಾಕೆ ಹೊರಬೇಕು, ತೊಟ್ಟಿಲಲ್ಲಿ ಕೂರಲು ಅಲ್ಲೇ ಜನ ಸಿಗುತ್ತಾರೆ ಎಂದನಂತೆ.

ಜನ ಸಿಕ್ಕಿದೆವು. ಭದ್ರಾವತಿಯಲ್ಲಿ ನಾವು ಕೂಲಿ ಮಾಡುತ್ತಿದ್ದ ಫೌಂಡ್ರಿ ಬಾಗಿಲು ಹಾಕಿದ ಮೇಲೆ ಗೌಡರ ಕಬ್ಬು ಕಡಿಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಮಲವಗೊಪ್ಪದ ಅಕ್ಕಿ ಗಿರಣಿಗೆ ಕರೆದೊಯ್ದು, ಅಂಗಿ ಬಿಚ್ಚಿಸಿ, ಮೂಟೆ ತೂಗುವ ಹಲಗೆಯ ಮೇಲೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿದರು. ತೂಕವನ್ನು ಎದೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಭೈರಪ್ಪ ಎಲ್ಲರಿಗಿಂತ ಹೆಚ್ಚು ತೂಗಿದ, ಇಡೀ ದಿನ ಅಂಗಿ ಹಾಕಿಕೊಳ್ಳದೆ ತಿರುಗಾಡಿದ. ಸಣಕಲರನ್ನು ವಾಪಸು ಕಳಿಸಿದರು. ಒಬ್ಬ ಚಡ್ಡಿಯ ಜೇಬಿನಲ್ಲಿ ಎರಡು ಕಲ್ಲು ಇಟ್ಟುಕೊಂಡು ಬಂದು ಸಿಕ್ಕಿಬಿದ್ದ.

“ನಿಂಗೇನು ಹೆಸರು?” ಎಂದು ಶಿವರಾಜ್ ನನ್ನನ್ನು ಕೇಳಿದ.

“ಹೂವಪ್ಪ ಸಾರ್.”

“ಹೆಸರಿಗೆ ತಕ್ಕಂಗೇ ಇದೀಯ ಮಾರಾಯ. ಇನ್ನೊಂಚೂರು ತಿಂದ್ಕೊಂಡು ಬರಬಾರದಾ?”

ತಿಂದುಕೊಂಡು ಬಾ ಎಂದವನೇ ಎರಡನೆಯ ದಿನ ಮಧ್ಯಾಹ್ನದ ಊಟ ನಿಲ್ಲಿಸಿದ. ಉಂಡರೆ ತೂಕ ಏರುತ್ತದೆ, ಬ್ಯಾಲೆನ್ಸ್ ಹೋಗುತ್ತದೆ ಅಂತ. ಉಚ್ಚೆಗೂ ಕೇಳಿಯೇ ಹೋಗಬೇಕಿತ್ತು, ಅದರಿಂದ ತೂಕ ಇಳಿಯುತ್ತದೆಯಂತೆ. ಹೀಗೆ ನಾವು ಹೊಟ್ಟೆ ಖಾಲಿ, ಕೆಳಗೆ ಭರ್ತಿ ಮಾಡಿಕೊಂಡು ಒಂದೇ ತೂಕದಲ್ಲಿ ನಿಂತೆವು.

ಅವರು ತೆಗೆಯುತ್ತಿದ್ದದ್ದು ನಮ್ಮ ಬಗ್ಗೆಯೇ ಸಿನಿಮಾ. ಜಮೀನ್ದಾರನೊಬ್ಬ ಕೇರಿಗೆ ಬೆಂಕಿ ಇಡುವ ಕಥೆ. ಡೈರೆಕ್ಟರ್ ಜ್ಞಾನೇಶ್ ಅವರು ಗಡ್ಡ ಬಿಟ್ಟಿದ್ದರು, ಖಾದಿ ಜುಬ್ಬಾ ಹಾಕುತ್ತಿದ್ದರು, ನಮ್ಮನ್ನೆಲ್ಲ “ಅಣ್ಣಾ” ಎನ್ನುತ್ತಿದ್ದರು. ಉಜ್ಜನಪ್ಪ ಗೌಡರೇ ಯೂನಿಟ್ಟಿಗೆ ತಮ್ಮ ಮನೆ ಬಿಟ್ಟುಕೊಟ್ಟಿದ್ದರು. ಕಥೆ ಕೇಳಿ ಗೌಡರು ಕಣ್ಣು ಒರೆಸಿಕೊಂಡರು ಎಂದು ಅವರ ಮನೆಯಲ್ಲಿ ಪಾತ್ರೆ ತಿಕ್ಕುವ ಪುಷ್ಪಾ ಹೇಳಿದಳು.

ಟ್ರಾಲಿ ಹಳಿ ಹಾಸುವುದಕ್ಕೆ ನಮ್ಮ ಓಣಿಯನ್ನು ಸಮ ಮಾಡಬೇಕಾಯಿತು. ಪಂಚಾಯ್ತಿಯವರು ಮಾಡಿಯೇ ಮಾಡುತ್ತೇವೆ ಎನ್ನುತ್ತಿದ್ದ ರಸ್ತೆಯನ್ನು ನಾವೇ ಒಂದು ಬೆಳಗ್ಗೆ ಮಾಡಿದೆವು. ಚರಂಡಿಗೆ ಹಲಗೆ ಮುಚ್ಚಿ, ಹಳಿಯ ಕೆಳಗೆ ಮರದ ಚಕ್ಕೆ ಸಿಕ್ಕಿಸಿ, ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ಅಲುಗದೆ ನಡುವೆ ನಿಲ್ಲುತ್ತಿತ್ತು. ಕೇರಿಗೆ ಕರೆಂಟು ಇರಲಿಲ್ಲ. ಈಗ ಜನರೇಟರ್ ಲಾರಿ ಬಂದು, ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿರುವಾಗಲೇ ಹತ್ತು ಸಾವಿರ ವ್ಯಾಟಿನ ದೀಪಗಳನ್ನು ಗುಡಿಸಲುಗಳ ಮೇಲೆ ಬಿಡುತ್ತಿದ್ದರು. ದೀಪದ ಕಾಲು ಹಿಡಿದು ನಿಂತಿದ್ದ ನಾನು, ಹಗಲಲ್ಲಿ ಯಾಕೆ ಸಾರ್ ಎಂದು ಕೇಳಿದೆ. “ಬಡತನ ಸರಿಯಾಗಿ ರಿಜಿಸ್ಟರ್ ಆಗ್ತಿಲ್ಲ ಅಣ್ಣಾ,” ಎಂದರು ಜ್ಞಾನೇಶ್.

ಜನಾರ್ದನನ ಹಲ್ಲು ಹೋದ ಸಂಜೆ ಜ್ಞಾನೇಶ್ ಅವರೇ ಬಂದು ನಮ್ಮ ಮುಂದೆ ಕುಕ್ಕರುಗಾಲಲ್ಲಿ ಕೂತರು.

“ನೋಡ್ರಣ್ಣಾ, ಇನ್ಮೇಲೆ ನಾನು ಹೇಳೋವರೆಗೂ ಯಾರೂ ಏಳಂಗಿಲ್ಲ. ಗೌಡರು ಬರಲಿ, ಮಿನಿಸ್ಟರ್ ಬರಲಿ, ಹಾವು ಬರಲಿ. ನೀವು ಎದ್ರೆ ಮುಂದೆ ಕೂತೋನು ಸಾಯ್ತಾನೆ. ಅರ್ಥ ಆಯ್ತಾ?”

ಅರ್ಥವಾಯಿತು. ಆದರೆ ಕುಂಡೆಗೆ ಅರ್ಥ ಮಾಡಿಸುವುದು ಬೇರೆಯೇ ಕೆಲಸ. ಮಾರನೆಯ ದಿನ ಗೌಡರು ಶೂಟಿಂಗ್ ನೋಡಲು ಬಂದಾಗ ನನ್ನ ತೊಡೆಗಳು ತಾವಾಗಿಯೇ ಬಿಗಿದವು. ಎರಡೂ ಕೈಯಿಂದ ತೊಟ್ಟಿಲಿನ ಕಂಬಿ ಹಿಡಿದು ಕೂತೆ. ಪಕ್ಕದಲ್ಲಿ ಭೈರಪ್ಪ ಕಣ್ಣು ಮುಚ್ಚಿಕೊಂಡಿದ್ದ.

ಗೌಡರು ಬಂದು ನಿಂತರು. ನಾವು ಕೂತಿದ್ದೆವು.

“ಏನೋ ಭೈರ, ಕಾಲಿಗೆ ಏನಾರ ಆಗೈತಾ?”

“ಇಲ್ಲ ಒಡೆಯ.”

“ಮತ್ತೆ?”

“ಸಿನಿಮಾದೋರು ಏಳಬ್ಯಾಡ ಅಂದವ್ರೆ ಒಡೆಯ.”

ಅದೇ ಹೊತ್ತಿಗೆ ಮೇಸ್ತ್ರಿ ಕ್ಯಾಮೆರಾ ಇಳಿಸಿದ. ಕ್ಯಾಮೆರಾ ಇಳಿದರೆ ನಾವು ಏರಲೇಬೇಕು. ಆರು ಜನವೂ ಕೂತ ಭಂಗಿಯಲ್ಲೇ ನಿಧಾನವಾಗಿ ಮೇಲೆ ಹೋದೆವು. ಗೌಡರ ಎದೆ ದಾಟಿತು, ಮೀಸೆ ದಾಟಿತು, ನೆತ್ತಿ ದಾಟಿತು. ಅವರ ತಲೆಯ ನಡುವೆ ಕೂದಲು ಉದುರಿ ದೋಸೆಯಗಲ ಬೋಳಾಗಿದೆ ಎಂಬುದನ್ನು ನಮ್ಮ ಕೇರಿಯಲ್ಲಿ ಮೊದಲು ಕಂಡವರು ನಾವೇ. ನನಗೆ ಭಯವಾಯಿತು. ಸುಳ್ಳು ಯಾಕೆ, ಒಂಚೂರು ಖುಷಿಯೂ ಆಯಿತು.

“ಜ್ಞಾನೇಶಪ್ಪ,” ಎಂದರು ಗೌಡರು, ತಲೆ ಎತ್ತದೆ. “ಇದು ಸರಿ ಕಾಣಲ್ಲ ನೋಡಿ. ನಾಳೆ ನನ್ನ ಗದ್ದೇಲೂ ಹಿಂಗೇ ಕೂರ್ತಾರೆ ಈ ಬೇವರ್ಸಿಗಳು.”

“ಸಮಾನತೆ ಬಗ್ಗೆ ಸಿನಿಮಾ ಸಾರ್ ಇದು,” ಎಂದರು ಜ್ಞಾನೇಶ್. ಆಮೇಲೆ ಜನರೇಟರ್ ಲಾರಿ ಗೌಡರ ಕಣದಲ್ಲಿ ನಿಂತಿರುವುದು ನೆನಪಾಗಿರಬೇಕು. “ಆದ್ರೆ ನಿಮ್ಮ ಫೀಲಿಂಗ್ಸೂ ಅರ್ಥ ಆಗುತ್ತೆ.”

ಮೊದಲು ನಮ್ಮನ್ನು ಆ ಕಡೆ ಮುಖ ಮಾಡಿ ಕೂರಿಸಿದರು. ಗೌಡರಿಗೆ ಬೆನ್ನು ತೋರಿಸಿದಂತಾಗಿ ಅದು ಇನ್ನೂ ಕೆಟ್ಟದಾಯಿತು. ಕೊನೆಗೆ ಶಿವರಾಜನೇ ಉಪಾಯ ಹುಡುಕಿದ. ದೀಪದ ಬೆಳಕು ಅಡ್ಡಾದಿಡ್ಡಿ ಬೀಳದಂತೆ ತಡೆಯಲು ದಪ್ಪನೆಯ ಕರಿಬಟ್ಟೆ ಇಟ್ಟಿರುತ್ತಾರೆ. ಅದನ್ನು ತಂದು ನಮ್ಮ ಆರೂ ಜನರ ತಲೆಯ ಮೇಲಿಂದ ಹೊದಿಸಿ, ಸುತ್ತ ಕ್ಲಿಪ್ಪು ಹಾಕಿದ. ಈಗ ನಾವು ಕೂತಿದ್ದೆವು, ಆದರೆ ಗೌಡರಿಗೆ ಕೂತವರು ಕಾಣುತ್ತಿರಲಿಲ್ಲ. ಎಲ್ಲರ ಮರ್ಯಾದೆಯೂ ಉಳಿಯಿತು. ಒಳಗೆ ನಾವು ಬೆವರಿನಲ್ಲಿ ಬೆಂದೆವು, ಎದೆಯ ಮೇಲಿನ ಸೀಮೆಸುಣ್ಣ ಕರಗಿ ಹೊಕ್ಕುಳಿಗೆ ಇಳಿಯಿತು.

ಆ ಬಟ್ಟೆಯ ಒಳಗೆ ಕೂತೇ ನಾವು ಆ ಮಾತು ಕೇಳಿದ್ದು.

ಮಧ್ಯಾಹ್ನ ಸೆಟ್ಟಿನ ಗುಡಿಸಲಿಗೆ ಬೆಂಕಿ ಹಚ್ಚಿದ್ದರು. ಅದರ ಗೋಡೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಹೊರಗಿನ ಕಲ್ಲುಗಳು ಥರ್ಮಾಕೋಲು. ಗೋಡೆ ಹೊತ್ತಿಕೊಳ್ಳಲೇ ಇಲ್ಲ. ಥರ್ಮಾಕೋಲು ಮಾತ್ರ ಕರಗಿ, ಗುಡಿಸಲು ಮುಂದಕ್ಕೆ ಬಾಗಿ ನಮಸ್ಕಾರ ಮಾಡಿದಂತೆ ಕೂತುಬಿಟ್ಟಿತು. ಜಮೀನ್ದಾರನ ವೇಷದವನು ಪಂಜು ಹಿಡಿದು ಅಟ್ಟಹಾಸ ಮಾಡುತ್ತಲೇ ಇದ್ದ, ಯಾರೂ ಕಟ್ ಹೇಳಲಿಲ್ಲ. ವಾಸನೆಗೆ ಕೇರಿಯ ನಾಯಿಗಳೆಲ್ಲ ಕಾಲುವೆಯ ಆಚೆ ಓಡಿದವು. ಅದಾದ ಮೇಲೆ ಜ್ಞಾನೇಶರೂ ಗೌಡರೂ ಕ್ರೇನಿನ ಹಿಂದೆ ನೆರಳಿಗೆ ಬಂದು ನಿಂತರು. ಕರಿಬಟ್ಟೆಯೊಳಗೆ ಜನ ಇದ್ದಾರೆ ಎಂಬುದು ಅವರಿಗೆ ಮರೆತೇ ಹೋಗಿತ್ತು.

“ಆ ಕೊನೇ ಗುಡಿಸಲು ಬ್ಯೂಟಿಫುಲ್ ಆಗಿದೆ ಗೌಡ್ರೇ. ಆ ಟೆಕ್ಸ್ಚರ್ ನಮ್ಮೋರು ಸತ್ರೂ ಮಾಡಕ್ಕಾಗಲ್ಲ. ಯಾರದ್ದು?”

“ಯಾವುದು, ಅದಾ? ನಂದೇ.”

“ಒಳಗೆ ಯಾರೋ ಅಜ್ಜಿ ಇದ್ದ ಹಾಗಿತ್ತು.”

“ಚೌಡಿ ಅಂತ ಇದಾಳೆ. ಜಾಗ ನಂದು. ಎಬ್ಬಿಸೋಣ ಅಂದ್ರೆ ಲಾಯರ್ ಹಿಡ್ಕಂಡು ಕುಂತಾಳೆ ರಂಡೆ. ಮನೆ ನಿಂತಿರೋ ತಂಕ ಏನೂ ಮಾಡಂಗಿಲ್ಲ ಅಂತಾನೆ ಆ ಲಾಯರ್ ಬೇರೆ. ನೀವು ಸುಟ್ಕಳಿ, ಚೆನ್ನಾಗಿ ಬರುತ್ತೆ.”

“ಆಮೇಲೆ ನಾವು ಹೊಸದು ಕಟ್ಟಿಸಿಕೊಡ್ತೀವಿ ಅಂತ ಹೇಳೋಣ.”

“ಹೇಳಿ, ಹೇಳಿ. ಹೇಳೋಕೇನು.”

“ಶಿವರಾಜ್, ನಾಳೆ ನಾಲ್ಕೂವರೆ ಬೆಳಕಲ್ಲಿ ತೆಗೀತೀವಿ. ಒಳಗಿನ ಸಾಮಾನು ಮುಟ್ಟಬೇಡಿ. ಆ ಮಡಕೆ, ಆ ಕೌದಿ, ಎಲ್ಲ ಹಾಗೇ ಇರಬೇಕು.”

ಕತ್ತಲಲ್ಲಿ ಭೈರಪ್ಪನ ಕೈ ನನ್ನ ತೊಡೆ ಹುಡುಕಿ ಹಿಡಿದುಕೊಂಡಿತು. ಚೌಡಮ್ಮ ನನ್ನ ಅವ್ವನ ಅಕ್ಕ. ಅವ್ವ ಸತ್ತ ಮೇಲೆ ನಾನು ಉಂಡದ್ದು, ಮಲಗಿದ್ದು, ಒದೆ ತಿಂದದ್ದು ಎಲ್ಲ ಆ ಗುಡಿಸಲಲ್ಲಿ. ಅವಳು ಕುಂಸಿ ಕಡೆಯಿಂದ ಮದುವೆಯಾಗಿ ಬಂದ ವರ್ಷ ಗಂಡ ಹೆಂಡತಿ ಇಬ್ಬರೇ ಮಣ್ಣು ತುಳಿದು ಎಬ್ಬಿಸಿದ ಗೋಡೆ ಅದು. ಅದೊಂದು ಬಿದ್ದರೆ ಅವಳು ದಾರಿಗೆ ಬೀಳುತ್ತಾಳೆ, ಯಾವ ಲಾಯರೂ ಬೂದಿ ತೋರಿಸಿ ಮನೆ ಅನ್ನಲಾರ. ನನಗೆ ಅಲ್ಲೇ ಬಟ್ಟೆ ಹರಿದು ಹೊರಗೆ ಹಾರಬೇಕು ಅನ್ನಿಸಿತು. ಹಾರಲಿಲ್ಲ. ಮುಂದೆ ಜನಾರ್ದನ ಕೂತಿದ್ದ, ಹಾರಿದ್ದರೆ ಅವನ ಇನ್ನೊಂದು ಹಲ್ಲೂ ಹೋಗುತ್ತಿತ್ತು.

ಆ ಸಂಜೆಯೇ ಚೌಡಮ್ಮನಿಗೆ ಹೇಳಬೇಕೆಂದು ಹೋದೆ. ಅವಳ ಮುಂದೆ ಕೂತೆ. ಅವಳು ಖುಷಿಯಲ್ಲಿದ್ದಳು. ಹೀರೋಯಿನ್ನಿಗೆ ಹಳೆಯ ಸೀರೆ ಬೇಕೆಂದು ಇವಳ ತೇಪೆಯ ಸೀರೆ ಇಸಿದುಕೊಂಡು, ಬದಲಿಗೆ ಹೊಳೆಯುವ ನೈಲಾನ್ ಸೀರೆ ಕೊಟ್ಟಿದ್ದರು. ಅದನ್ನು ಉಟ್ಟು ಒಲೆಯ ಮುಂದೆ ಕೂರುವುದಕ್ಕೆ ಹೆದರಿ ನಿಂತೇ ಅಡುಗೆ ಮಾಡುತ್ತಿದ್ದಳು. ನಾನು ಹೇಳದೆಯೇ ಎದ್ದು ಬಂದೆ.

ಹೀಗಾಗಿ ಅವಳಿಗೆ ಸುದ್ದಿ ಮುಟ್ಟಿಸಿದ್ದು ಶೀತಲ್. ಮರುದಿನ ಆ ಹುಡುಗಿ ಚೌಡಮ್ಮನ ಸೀರೆ ಉಟ್ಟು, ಕೆನ್ನೆಗೆ ಮಸಿ ಬಳಿಸಿಕೊಂಡು, ಚೌಡಮ್ಮನ ಬಾಗಿಲ ಮುಂದೆಯೇ ಕೂತು ಅಳುವುದನ್ನು ಅಭ್ಯಾಸ ಮಾಡುತ್ತಿದ್ದಳು. ಎದುರಿಗೆ ಇಬ್ಬರು ಬೆಳ್ಳಿ ಕಾಗದ ಅಂಟಿಸಿದ ಹಲಗೆ ಹಿಡಿದು ಅವಳ ಮುಖಕ್ಕೆ ಬಿಸಿಲು ತಿರುಗಿಸುತ್ತಿದ್ದರು. ಚೌಡಮ್ಮ ನೀರು ತಂದುಕೊಟ್ಟಳು.

“ಯಾಕವ್ವ ಇಷ್ಟೊಂದು ಅಳ್ತೀಯ?”

“ನನ್ನ ಮನೆ ಸುಟ್ಟು ಹೋಯ್ತಲ್ಲ ಅಜ್ಜಿ.”

“ಅಯ್ಯೋ ಪಾಪವೇ. ಯಾವೂರು ನಿಂದು?”

“ಅಯ್ಯೋ, ಸಿನಿಮಾದಲ್ಲಿ ಅಜ್ಜಿ. ಈ ಮನೇನೇ. ನಾಲ್ಕೂವರೆಗೆ ಸುಡ್ತಾರಲ್ಲ, ಆಗ ಅಳ್ಬೇಕು ನಾನು.”

ಚೌಡಮ್ಮ ಆ ಹುಡುಗಿಯನ್ನು ನೋಡಿದಳು, ತನ್ನ ಬಾಗಿಲನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಗಳಿ ಹಾಕಿದ ಸದ್ದು ನನಗೆ ಕೇಳಿಸಿತು. ಶಿವರಾಜ್ ಹೋಗಿ ಬಾಗಿಲು ತಟ್ಟಿ, “ಅಜ್ಜಿ, ಹೊರಗೆ ಬನ್ನಿ, ಕಂಟಿನ್ಯೂಟಿ ಹಾಳಾಗುತ್ತೆ,” ಎಂದ. ಅವಳು ಬರಲಿಲ್ಲ.

ನಾನು ಜ್ಞಾನೇಶರ ಹತ್ತಿರ ಹೋದೆ. ಕೈ ಮುಗಿದೆ, ಮುಗಿದದ್ದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.

“ಸಾರ್, ಅದು ಮನೆ ಸಾರ್.”

“ಅದಕ್ಕೇ ಅಣ್ಣಾ. ಅದು ಮನೆ ಥರ ಕಾಣ್ತಿದೆ. ಸೆಟ್ಟು ಹಾಗೆ ಕಾಣ್ಲಿಲ್ಲ.”

“ಅವಳು ಒಳಗೆ ಕುಂತಾಳೆ ಸಾರ್. ಅವಳಿಗೆ ಬ್ಯಾರೆ ಜಾಗ ಇಲ್ಲ.”

ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. “ಇಡೀ ದೇಶ ಈ ಬೆಂಕಿ ನೋಡಬೇಕು ಅಣ್ಣಾ. ಆಗ ಯಾರೂ ಇನ್ನೊಬ್ಬರ ಮನೆ ಸುಡಲ್ಲ.”

ಅಷ್ಟು ಹೇಳಿ ಮನೆ ಸುಡುವುದಕ್ಕೆ ಸೀಮೆಎಣ್ಣೆ ಸಾಕಾಗುತ್ತದಾ ಎಂದು ನೋಡಲು ಹೋದರು. ಗೌಡರನ್ನೂ ಕೇಳಿದೆ. ಅವರು ಚಿಗುರು ವೀಳ್ಯ ಮಡಚುತ್ತಿದ್ದರು.

“ನಿಂಗೆ ಕೂರೋಕೆ ಒಂದು ಜಾಗ ಕೊಟ್ಟವ್ರಲ್ಲ ಹೂವ, ಹೋಗಿ ಅಲ್ಲಿ ಕೂತ್ಕ. ಅಡ್ಡ ಬಂದ್ರೆ ಆ ಮುದುಕಿ ಜತೆ ನಿನ್ನೂ ಒಳಗೆ ಹಾಕಿ ಹಚ್ತೀನಿ ಸೂಳೆಮಗನೆ.”

ಹೋಗಿ ಕೂತೆ. ಬೇರೇನು ಮಾಡಲಿ?

ನಾಲ್ಕು ಗಂಟೆಯ ಹೊತ್ತಿಗೆ ಹಳಿಯ ಮೇಲೆ ಕ್ರೇನ್ ನಿಲ್ಲಿಸಿದರು. ಗುಡಿಸಲಿನ ಮಾಡು ಕಬ್ಬಿನ ಸೋಗೆಯದು, ಅದಕ್ಕೆ ಎರಡು ಕಡೆ ಸೀಮೆಎಣ್ಣೆ ಎರಚಿದ್ದರು. ಮುದುಕಿಯನ್ನು ಹೊರಗೆಳೆಯಲು ಗೌಡರ ಇಬ್ಬರು ಆಳುಗಳು ಹಾರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬೆಂಕಿ ಹಿಡಿದ ಮೇಲೆ ಕ್ಯಾಮೆರಾ ಮೇಲೇರಿ ಆಕಾಶದಿಂದ ಇಡೀ ಕೇರಿಯನ್ನು ನೋಡಬೇಕಿತ್ತು. ಆದರೆ ಜನಾರ್ದನ ತಕರಾರು ತೆಗೆದ. ಅಷ್ಟು ಎತ್ತರಕ್ಕೆ ಮೊದಲು ಬೇರೆ ಯಾರನ್ನಾದರೂ ಹತ್ತಿಸಿ ತೋರಿಸಿ, ಆಮೇಲೆ ನಾನು ಹತ್ತುತ್ತೇನೆ ಎಂದು ಹಲ್ಲಿನ ಸಂದಿಯಿಂದ ಹೇಳಿದ.

“ನಾನು ಕೂರ್ತೀನಿ ಬಿಡಿ,” ಎಂದರು ಗೌಡರು. “ಮೇಲಿಂದ ಹೆಂಗೆ ಕಾಣುತ್ತೆ ನೋಡೋಣ.” ನಮ್ಮ ಕಡೆ ತಿರುಗಿ, “ಆ ಬಟ್ಟೆ ತೆಗೀರೋ. ಈಗ ಯಾರು ಮೇಲೆ, ಯಾರು ಕೆಳಗೆ ಅಂತ ಅವರೂ ನೋಡ್ಲಿ,” ಎಂದರು.

ಬಟ್ಟೆ ತೆಗೆದರು. ಗೌಡರು ಪಂಚೆ ಎತ್ತಿ ಕಟ್ಟಿ ಕುರ್ಚಿಯಲ್ಲಿ ಕೂತರು. ಅವರ ತೂಕಕ್ಕೆ ನಾವು ಆರು ಜನ ಸಾಲಲಿಲ್ಲ, ಅವರು ಮೇಲೆ ಹೋಗಲಿಲ್ಲ. ಮೇಸ್ತ್ರಿ ಸುತ್ತ ನೋಡಿ, ಕೇರಿಯ ಇನ್ನಿಬ್ಬರನ್ನು ಕರೆದು ತೊಟ್ಟಿಲಿಗೆ ಹತ್ತಿಸಿದ. ನಮ್ಮ ತುದಿ ನೆಲಕ್ಕೆ ಕೂತಿತು, ಗೌಡರು ಮೇಲಕ್ಕೆ ಹೋದರು. ತೆಂಗಿನ ಗರಿಗಳ ಮಟ್ಟಕ್ಕೆ ಹೋಗಿ ನಿಂತರು.

“ಫೈನ್ ಆಗಿದೆ,” ಎಂದು ಮೇಲಿಂದ ಕೂಗಿದರು. “ನನ್ನ ಗದ್ದೆ ಎಲ್ಲ ಕಾಣುತ್ತೆ ಮಾರಾಯ್ರೆ.”

“ಓಕೆ ಸಾರ್, ಇಳಿಸ್ತೀವಿ,” ಎಂದರು ಜ್ಞಾನೇಶ್.

ಮೇಸ್ತ್ರಿ ಆ ಇಬ್ಬರ ಕಡೆ ಕೈ ಮಾಡಿದ. “ರೆಂಡು ಪೇರು ಮೆಲ್ಲ ಎರಂಗುಪ್ಪಾ. ಇಳಿ, ಇಳಿ.”

ಅವರಿಬ್ಬರೂ ನನ್ನ ಮುಖ ನೋಡಿದರು. ನಾನು ಭೈರಪ್ಪನ ಮುಖ ನೋಡಿದೆ. ಭೈರಪ್ಪ ಚೌಡಮ್ಮನ ಬಾಗಿಲು ನೋಡುತ್ತಿದ್ದ. ಯಾರೂ ಏನನ್ನೂ ಮಾತಾಡಿಕೊಂಡಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆ ಇಬ್ಬರು ಏಳಲಿಲ್ಲ, ಅಷ್ಟೆ.

“ಏಯ್, ಇಳೀರೋ,” ಎಂದ ಶಿವರಾಜ್.

“ಏಳಬ್ಯಾಡ ಅಂದಿದ್ರಲ್ಲ ಸಾರ್,” ಎಂದ ಭೈರಪ್ಪ. “ಎದ್ರೆ ಮುಂದೆ ಕೂತೋನು ಸಾಯ್ತಾನೆ ಅಂದಿದ್ರಿ.”

“ಈಗ ನಾನೇ ಹೇಳ್ತಿದ್ದೀನಿ ಅಣ್ಣಾ, ಏಳಿ,” ಎಂದರು ಜ್ಞಾನೇಶ್.

“ಮೊದ್ಲು ಆ ಹಾರೆಯೋರನ್ನ ಬಾಗಿಲಿಂದ ಕಳಿಸಿ,” ಎಂದೆ. ಧ್ವನಿ ನನ್ನದೇ ಎಂದು ಸ್ವಲ್ಪ ತಡವಾಗಿ ತಿಳಿಯಿತು. “ಚೌಡವ್ವನ ಮನೆ ಬಿಟ್ಟು ಬ್ಯಾರೆ ಏನಾರ ಸುಡಿ.”

ಗೌಡರ ಆಳೊಬ್ಬ ಹಾರೆ ಎತ್ತಿಕೊಂಡು ಓಡಿ ಬಂದು ಭೈರಪ್ಪನ ರಟ್ಟೆ ಹಿಡಿದು ಎಳೆದ. ಭೈರಪ್ಪ ಬೇಡ ಅನ್ನಲಿಲ್ಲ, ಎಳೆದಷ್ಟೇ ಎದ್ದ. ನಮ್ಮ ತುದಿ ನೆಲ ಬಿಟ್ಟಿತು. ಆ ಕಡೆ ಗೌಡರು ಒಂದು ಮಾರು ಕೆಳಗೆ ಜಾರಿ ಗಕ್ಕನೆ ನಿಂತರು, ಬಾಯಲ್ಲಿದ್ದ ವೀಳ್ಯ ಜುಬ್ಬದ ಮೇಲೆ ಬಿತ್ತು.

“ಮುಟ್ಟಬ್ಯಾಡ್ರೋ,” ಎಂದು ಗೌಡರು ಕಿರುಚಿದರು. “ಯಾರೂ ಅವರನ್ನ ಮುಟ್ಟಬ್ಯಾಡ್ರೋ.”

ಆಳು ಕೈ ಬಿಟ್ಟ. ಭೈರಪ್ಪ ಪಂಚೆ ಸರಿಮಾಡಿಕೊಂಡು ಮತ್ತೆ ಕೂತ. ಗೌಡರು ಮತ್ತೆ ಮೇಲೆ ಹೋದರು.

ಏಣಿ ತಂದರು. ಗೌಡರು ಒಂದು ಕಾಲು ಏಣಿಗಿಟ್ಟ ಕೂಡಲೇ ಮುಂದಿನ ತುದಿ ಹಗುರಾಗಿ ಗಡಗಡನೆ ಅದುರಿತು, ಅವರು ಕಾಲು ಎಳೆದುಕೊಂಡು ಕಬ್ಬಿಣದ ತೋಳನ್ನು ತಬ್ಬಿಕೊಂಡರು. ಹಗ್ಗ ಎಸೆದು ಲೈಟಿನವರು, ಮೇಕಪ್ಪಿನವರು, ಜಮೀನ್ದಾರನ ವೇಷದವನು ಎಲ್ಲ ಸೇರಿ ಜಗ್ಗಿದರು. ಗೌಡರು ಅರ್ಧ ಇಳಿದರು. ಆಗ ಕೇರಿಯ ಹೆಂಗಸರು ಎಲ್ಲಿದ್ದರೋ, ಒಬ್ಬೊಬ್ಬರಾಗಿ ಬಂದು ನಮ್ಮ ತೊಟ್ಟಿಲಿಗೆ ಜೋತುಬಿದ್ದರು. ಜಯಶೀಲಾ ಎಂಬ ಬಸುರಿ ಹೆಂಗಸು, “ನಂದು ಎಲ್ಡು ಜೀವದ ತೂಕ, ಜಾಗ ಬಿಡ್ರೋ,” ಎಂದು ನನ್ನನ್ನು ಸರಿಸಿ ಕೂತಳು. ಗೌಡರು ಹಗ್ಗದ ಸಮೇತ ಮೇಲೆ ಹೋದರು. ನಾನು ಅಷ್ಟು ನಕ್ಕದ್ದು ಅದಕ್ಕೆ ಮುಂಚೆ ಯಾವಾಗ ಎಂದು ನೆನಪಿಲ್ಲ.

ಬಿಸಿಲು ಹಳದಿಗೆ ತಿರುಗಿತು. ಜ್ಞಾನೇಶ್ ತಲೆ ಎತ್ತಿ ಗೌಡರನ್ನು, ತಗ್ಗಿಸಿ ನಮ್ಮನ್ನು ನೋಡಿದರು. ಅವರ ಮುಖವೇ ಬದಲಾಯಿತು.

“ಜನಾರ್ದನ, ಇನ್ನೊಂದು ಕ್ಯಾಮೆರಾ ಇದೆಯಲ್ಲ, ಕೈಯಲ್ಲಿ ತಗೋ. ರೋಲ್ ಮಾಡು. ವಾಟ್ ಎ ಫ್ರೇಮ್.”

ನಮ್ಮ ಮುಖದ ಮೇಲೆ ಬೆಳ್ಳಿ ಹಲಗೆಯ ಬಿಸಿಲು ಬಿತ್ತು. “ಹಾಗೇ ಇರಿ, ಸಿಟ್ಟು ಬೇಕು, ಇನ್ನೂ ಸಿಟ್ಟು,” ಎಂದು ಜ್ಞಾನೇಶ್ ಕೂಗುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ “ಕಟ್” ಎಂದರು. ಚಪ್ಪಾಳೆ ತಟ್ಟಿ, “ಸೂಪರ್. ಎಲ್ರೂ ರಿಲ್ಯಾಕ್ಸ್,” ಎಂದರು. ನಾವು ಅಲುಗಲಿಲ್ಲ. “ಕಟ್ ಅಂದ್ನಲ್ಲ ಅಣ್ಣಾ,” ಎಂದರು ಮತ್ತೆ, ಪಾಪ, ಅರ್ಥವಾಗದವರಂತೆ.

ಮೇಲಿಂದ ಗೌಡರ ಧ್ವನಿ ಬಂತು, ಈಗ ಮೆತ್ತಗಾಗಿತ್ತು. “ಭೈರಪ್ಪ, ಹೂವಪ್ಪ, ಕೇಳ್ರಪ್ಪ. ಸುಡಲ್ಲ. ನಮ್ಮನೆ ದೇವರ ಮೇಲೆ ಆಣೆ, ಚೌಡಮ್ಮನ ಮನೆ ಸುಡಲ್ಲ. ಇಳಿಸ್ರಪ್ಪ.”

ಗೌಡರ ಬಾಯಲ್ಲಿ ನಮ್ಮ ಹೆಸರಿಗೆ ಅಪ್ಪ ಸೇರಿದ್ದು, ಅವಳ ಹೆಸರಿಗೆ ಅಮ್ಮ ಸೇರಿದ್ದು ಅಂದೇ.

“ಇಳಿದ ಮ್ಯಾಲೆ?” ಎಂದು ಕೇಳಿದ ಭೈರಪ್ಪ.

ಗೌಡರು ಮೇಲಿರುವಷ್ಟು ಹೊತ್ತು ಆ ಮನೆಗೆ ಏನೂ ಆಗುವುದಿಲ್ಲ, ನಮಗೂ ಏನೂ ಆಗುವುದಿಲ್ಲ. ಅದಕ್ಕಿಂತ ಆಚೆಗಿನದು ಯಾರಿಗೂ ಗೊತ್ತಿರಲಿಲ್ಲ.

ಗುಡಿಸಲಿನ ಮಾಡಿನಿಂದ ಹೊಗೆ ಎದ್ದದ್ದು ಆಗಲೇ. ಶಿವರಾಜ್ “ಬೆಂಕಿ, ಬೆಂಕಿ, ಯಾರ್ರೋ ಹಚ್ಚಿದ್ದು, ಕ್ಯಾಮೆರಾ ರೆಡಿ ಇಲ್ಲ,” ಎಂದು ಬಕೆಟ್ ಹಿಡಿದು ಓಡಿದ. ಬಾಗಿಲು ತೆರೆಯಿತು. ಚೌಡಮ್ಮ ನೈಲಾನ್ ಸೀರೆ ಬಿಟ್ಟು ಹರಕು ಲುಂಗಿಯೊಂದನ್ನು ಸುತ್ತಿಕೊಂಡು, ಸೌಟು ಹಿಡಿದು ಹೊರಗೆ ಬಂದಳು.

“ಮುದ್ದೆ ಕಣೋ ಮುಂಡೇದೆ. ಒಲೆ ಉರಿದ್ರೂ ತಪ್ಪಾ?”

ಮಡಕೆ, ಬುಟ್ಟಿ, ಇದ್ದಬದ್ದ ತಟ್ಟೆಗಳನ್ನೆಲ್ಲ ಹೊತ್ತುಕೊಂಡು ಬಂದು ನಮ್ಮ ಮುಂದೆ ಇಳಿಸಿದಳು. ಸೀಮೆಎಣ್ಣೆ ಎರಚಿದ ಮಾಡಿನ ಕೆಳಗೆ ಅವಳು ಧೈರ್ಯವಾಗಿ ಒಲೆ ಹಚ್ಚಿ ಅಷ್ಟು ಜನರಿಗೆ ಬೇಯಿಸಿದ್ದಳು. ಮೇಲೆ ಯಾರಿದ್ದಾರೆ ಎಂದು ತಲೆ ಎತ್ತಿಯೂ ನೋಡಲಿಲ್ಲ. ಕೂತಲ್ಲಿಗೇ ಬಡಿಸಿದಳು. ಹುರುಳಿ ಸಾರಿನ ಬಿಸಿಗೆ ನನ್ನ ಕಣ್ಣು ಒದ್ದೆಯಾಯಿತು, ಬಿಸಿಗೊಂದೇ ಅಲ್ಲ.

ಯಾರು ಸುದ್ದಿ ಕೊಟ್ಟರೋ, ಭದ್ರಾವತಿ ಕಡೆಯಿಂದ ಧೂಳೆಬ್ಬಿಸಿಕೊಂಡು ಪೊಲೀಸ್ ಜೀಪು ಬಂತು. ಇನ್ಸ್‌ಪೆಕ್ಟರ್ ಇಳಿದು ಮೊದಲು ಮೇಲೆ ನೋಡಿ ಗೌಡರಿಗೆ ಸೆಲ್ಯೂಟ್ ಹೊಡೆದ. ಆಮೇಲೆ ಲಾಠಿಯನ್ನು ಅಂಗೈಗೆ ತಟ್ಟಿಕೊಳ್ಳುತ್ತ ನಮ್ಮ ತೊಟ್ಟಿಲಿನ ಮುಂದೆ ಬಂದು ನಿಂತ. ನನ್ನ ತೊಡೆಗಳು ಬಿಗಿಯಲಿಲ್ಲ.

“ಏಳ್ರೋ ಮೇಲೆ.”

ನಾನು ತಟ್ಟೆ ಮುಂದಕ್ಕೆ ಚಾಚಿದೆ. “ದೊಡ್ಡವ್ವ, ಇನ್ನೊಂಚೂರು ಸಾರು ಹಾಕು.”